ಕೊಳೆಯಾದ ಜನರೇಟರ್ ಕೇಬಲ್: ತೊಳೆದು ಇಟ್ಟುಕೊಳ್ಳುವುದಾ, ಹೊಸದು ತರುವುದಾ?

ಕಕ್ಕಡ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳು, ಮುಗಿದು ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಶೆಡ್ಡಿನಿಂದ ಎರಡು ಕೇಬಲ್ ಹೊರಗೆ ಎಳೆದು ಕಾಫಿ ಕಣದಲ್ಲಿ ಉದ್ದಕ್ಕೆ ಹಾಸಿದೆ. ಒಂದು ಜನರೇಟರಿನಿಂದ ಮನೆಗೆ ಹೋಗುವುದು, 40 ಮೀಟರ್. ಇನ್ನೊಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮೋಟಾರಿನದು, 30 ಮೀಟರ್. ಎರಡೂ ತಂದಾಗ ಕಪ್ಪಗಿದ್ದವು. ಈಗ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಕೆಂಪು ಮಣ್ಣು, ಪಾಚಿ, ಒಣಗಿದ ಕಾಫಿ ಲೋಳೆ, ಗಿಡಗಳಿಗೆ ಸ್ಪ್ರೇ ಮಾಡುವ ಬೋರ್ಡೋ ದ್ರಾವಣದ ನೀಲಿ ಕಲೆ. ಒಂದು ಪ್ಲಗ್ಗಿನೊಳಗೆ ಇರುವೆ ಗೂಡು ಕಟ್ಟಿತ್ತು.

ಮನೆಯಲ್ಲಿ ಎರಡು ಮಾತು ಬಂತು. ಮಾವ ಹೇಳಿದರು, ‘ಸೋಪು ಹಾಕಿ ತೊಳೆ, ಇನ್ನೂ ಹತ್ತು ವರ್ಷ ಬರುತ್ತದೆ.’ ಮಗ ಹೇಳಿದ, ‘ಎರಡನ್ನೂ ಗುಜರಿಗೆ ಹಾಕಿ ಹೊಸದು ತರೋಣ ಅಮ್ಮ.’ ನಮ್ಮ ಎಲೆಕ್ಟ್ರಿಷಿಯನ್ ಬಂದವರು ಎರಡಕ್ಕೂ ಒಪ್ಪಲಿಲ್ಲ. ‘ಅಕ್ಕಾ, ಮೈ ನೋಡಬೇಡಿ, ತುದಿ ನೋಡಿ’ ಎಂದರು.

ಕೊನೆಗೆ ಒಂದು ಕೇಬಲ್ ಉಳಿಯಿತು, ಒಂದು ಹೋಯಿತು. ನೋಡಲು ಜಾಸ್ತಿ ಕೊಳಕಾಗಿದ್ದದ್ದೇ ಉಳಿದದ್ದು. ಯಾಕೆ ಹಾಗಾಯಿತು ಎಂದು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಳಗಿನ ಊರುಗಳಿಗೆ ಕರೆಂಟ್ ಬರುವುದು ಎಷ್ಟು ದಿನಕ್ಕೋ ಹೇಳಲಾಗುವುದಿಲ್ಲ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಯಾರಿಗೂ ಮರೆತಿಲ್ಲ. ಆ ದಿನಗಳಲ್ಲಿ ಇಡೀ ಮನೆ ಈ ಒಂದು ಕೇಬಲ್ಲಿನ ಮೇಲೆ ನಿಂತಿರುತ್ತದೆ. ಒದ್ದೆ ನೆಲದಲ್ಲಿ ಅದನ್ನು ಎಳೆದಾಡುವವರು ನಾವು, ಇಲ್ಲವೇ ನಮ್ಮ ಕೆಲಸದವರು.

ಇದು ಬರೀ ತೋಟದವರ ಪ್ರಶ್ನೆಯೂ ಅಲ್ಲ. ಕಡಲಲ್ಲಿ ದೋಣಿ ಇಟ್ಟವರು ದಡಕ್ಕೆ ಬಂದಾಗ ಇಂಥದ್ದೇ ಉದ್ದ ಕೇಬಲ್ಲಿನಿಂದ ದೋಣಿಗೆ ಕರೆಂಟ್ ತೆಗೆದುಕೊಳ್ಳುತ್ತಾರೆ. ಯುರೋಪಿನ ದೋಣಿಕಟ್ಟೆಗಳಲ್ಲಿ ಬಳಸುವುದು ನಾವು ಜನರೇಟರಿಗೆ ಹಾಕುವ ಅದೇ ನೀಲಿ ಮೂರು ಪಿನ್ನಿನ ದುಂಡು ಪ್ಲಗ್ಗು. ಅವರಿಗೆ ಉಪ್ಪು ನೀರಿನ ಕಾಟ. ನಮಗೆ ಮಳೆ, ಮಣ್ಣು ಮತ್ತು ಕಾಫಿ ಲೋಳೆಯ ಕಾಟ.

ಮೊದಲು ತೊಳೆಯಿರಿ, ತೀರ್ಮಾನ ಆಮೇಲೆ

ತೊಳೆಯುವುದು, ಬದಲಾಯಿಸುವುದು ಎಂಬ ಎರಡು ದಾರಿಗಳನ್ನು ಎದುರುಬದುರು ಇಟ್ಟು ನೋಡುವುದೇ ತಪ್ಪು ಎಂದು ನನಗೆ ಈಗ ಅನಿಸುತ್ತದೆ. ಕೆಸರು ಮೆತ್ತಿದ ಕೇಬಲ್ಲಿನಲ್ಲಿ ಗಾಯ ಕಾಣುವುದಿಲ್ಲ. ತೊಳೆದರೆ ಮಾತ್ರ ಕಾಣುತ್ತದೆ. ಹಾಗಾಗಿ ಬಿಸಾಡುವ ಯೋಚನೆ ಇದ್ದರೂ ಒಮ್ಮೆ ತೊಳೆಯಿರಿ. ಖರ್ಚು ಒಂದು ಬಕೆಟ್ ನೀರು, ಅರ್ಧ ಗಂಟೆ.

ಎರಡೂ ಕಡೆಯ ಪ್ಲಗ್ ತೆಗೆದಿರಬೇಕು. ಜನರೇಟರ್ ಆಫ್ ಆಗಿದೆ ಎಂದು ಸುಮ್ನೆ ನಂಬಬೇಡಿ, ಎರಡು ತುದಿಯೂ ಕಣ್ಣೆದುರು ಇರಲಿ. ತುದಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ತೂಗುಹಾಕಿ. ನೀರು ಪ್ಲಗ್ಗಿನೊಳಗೆ ಇಳಿಯಬಾರದು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆ ಬಟ್ಟೆ ಅದ್ದಿ, ಕೇಬಲ್ಲನ್ನು ಅಂಗೈಯಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಎಳೆಯುತ್ತಾ ಹೋಗಿ. ಒಣಗಿದ ಲೋಳೆಗೆ ಹತ್ತು ನಿಮಿಷ ಒದ್ದೆ ಬಟ್ಟೆ ಸುತ್ತಿಟ್ಟರೆ ತಾನೇ ಬಿಡುತ್ತದೆ. ವಾಹನ ತೊಳೆಯುವ ಪ್ರೆಷರ್ ಪಂಪ್ ಮಾತ್ರ ಬೇಡ. ಕಾಣದ ಸೀಳಿನೊಳಗೂ ಅದು ನೀರು ನುಗ್ಗಿಸುತ್ತದೆ.

ಈ ಅಂಗೈ ಎಳೆತವೇ ಅರ್ಧ ಪರೀಕ್ಷೆ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ, ಇಲಿಯ ಹಲ್ಲಿನ ಗುರುತು, ಜೀಪಿನ ಚಕ್ರ ಹತ್ತಿದ ಜಾಗ. ಅಲ್ಲಲ್ಲಿ ನಿಲ್ಲಿಸಿ ಬಣ್ಣದ ಟೇಪು ಸುತ್ತಿ ಗುರುತು ಮಾಡಿ.

ಏನು ಹಾಕಬಾರದು ಎನ್ನುವುದು ಇನ್ನೂ ಮುಖ್ಯ. ತೋಟದಲ್ಲಿ ಎಲ್ಲ ಜಿಡ್ಡಿಗೂ ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಹಾಕುವ ಅಭ್ಯಾಸ ನಮಗಿದೆ. ಕಬ್ಬಿಣದ ಸಾಮಾನಿಗೆ ಅದು ಸರಿ. ಕೇಬಲ್ಲಿನ ಪಿವಿಸಿ ಸಿಪ್ಪೆಗೆ ಸರಿಯಲ್ಲ. ಪಿವಿಸಿ ಮೆತ್ತಗೆ ಇರಲೆಂದು ಅದರಲ್ಲಿ ಒಂದು ಬಗೆಯ ಎಣ್ಣೆ ಸೇರಿಸಿರುತ್ತಾರೆ. ಈ ಇಂಧನಗಳು ಅದನ್ನು ಹೊರಗೆ ಎಳೆದುಬಿಡುತ್ತವೆ. ತೊಳೆದ ದಿನ ಫಳಫಳ ಹೊಳೆಯುತ್ತದೆ, ಆಮೇಲೆ ಬಿರುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಕೇಬಲ್ಲಾದರೆ ಎಣ್ಣೆಗೆ ಊದಿಕೊಳ್ಳಬಹುದು. ಥಿನ್ನರ್, ಬ್ಲೀಚಿಂಗ್ ಪೌಡರ್ ಕೂಡ ಬೇಡ.

ಬೋರ್ಡೋದ ನೀಲಿ ಕಲೆಗೆ ಹೆದರಬೇಡಿ. ಅದು ಮೈಲುತುತ್ತು ಮತ್ತು ಸುಣ್ಣ, ಸಿಪ್ಪೆಯ ಮೇಲೆ ಇರುವಷ್ಟು ದಿನ ಬರೀ ಕಲೆ. ಆದರೆ ಅದೇ ನೀಲಿ-ಹಸಿರು ಪ್ಲಗ್ಗಿನೊಳಗೆ, ಪಿನ್ನಿನ ಬುಡದಲ್ಲಿ, ತಾಮ್ರದ ಎಳೆಗಳ ಮೇಲೆ ಕಂಡರೆ ವಿಷಯ ಬೇರೆ. ಅದು ಕಿಲುಬು. ಸ್ಪ್ರೇ ಮಾಡುವ ದಿನ ಕೇಬಲ್ ಅಲ್ಲೇ ಬಿದ್ದಿದ್ದರೆ ಎರಡೂ ಒಟ್ಟಿಗೆ ಇರಬಹುದು. ಒರೆಸಿದರೆ ಹೋಗುವುದು ಕಲೆ, ಪುಡಿಯಾಗಿ ಉದುರಿ ಕೆಳಗೆ ಕಪ್ಪು ಲೋಹ ಕಾಣಿಸುವುದು ಕಿಲುಬು.

ತೊಳೆದ ಮೇಲೆ ಬರೀ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಕನಿಷ್ಠ ಒಂದು ದಿನ ಒಣಗಿಸಿ. ಮಳೆಗಾಲದ ತಂಡಿಯಲ್ಲಿ ಒಂದು ದಿನ ಸಾಲುವುದಿಲ್ಲ. ಅಡಿಗೆಮನೆಯ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಅಲ್ಲಿ ಎರಡು ದಿನ ಇಟ್ಟರೆ ಆಯಿತು. ಬೆಂಕಿಗೆ ಹತ್ತಿರ ಬೇಡ.

ತುದಿಯಲ್ಲಿ ಏನಿದೆ

ಈಗ ಪ್ಲಗ್ ಬಿಚ್ಚಿ. ಇದನ್ನು ಯಾರೂ ಮಾಡುವುದಿಲ್ಲ. ಆಯುಧ ಪೂಜೆಗೆ ಜನರೇಟರ್ ಒರೆಸಿ ಅರಿಶಿನ ಕುಂಕುಮ ಇಟ್ಟು ಮಾಲೆ ಹಾಕುತ್ತೇವೆ, ಪ್ಲಗ್ಗಿನ ಮೂರು ಸ್ಕ್ರೂ ಬಿಚ್ಚಿ ಒಳಗೆ ನೋಡುವುದಿಲ್ಲ. ಕೇಬಲ್ ಸುಡುವುದು ನಡುವಿನಲ್ಲಿ ಅಪರೂಪ. ಸುಡುವುದು ಹೆಚ್ಚಾಗಿ ತುದಿಯಲ್ಲಿ, ತಂತಿ ಪ್ಲಗ್ಗಿಗೆ ಸೇರುವ ಕಡೆ ಮತ್ತು ಪಿನ್ನು ಸಾಕೆಟ್ಟಿಗೆ ಕೂರುವ ಕಡೆ.

ಕಾರಣ ಸರಳ ಲೆಕ್ಕ. ಗಟ್ಟಿಯಾಗಿ ಕೂತ ಪಿನ್ನಿನಲ್ಲಿ ಕರೆಂಟಿಗೆ ತಡೆ ಇಲ್ಲವೆನ್ನುವಷ್ಟು ಕಡಿಮೆ. ಕಿಲುಬು ಹಿಡಿದು ಅಥವಾ ಸ್ಕ್ರೂ ಸಡಿಲವಾಗಿ ಆ ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕೆ ಏರಿತು ಎಂದುಕೊಳ್ಳಿ. ಅದರಲ್ಲಿ 15 ಆಂಪಿಯರ್ ಹರಿದರೆ ಆ ಒಂದು ಚುಕ್ಕಿಯಲ್ಲಿ ಸುಮಾರು 22 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ ಇರುವುದೇ 25 ವಾಟ್. ಮುಚ್ಚಿದ ಪ್ಲಗ್ಗಿನೊಳಗೆ ಅದನ್ನು ಇಡೀ ರಾತ್ರಿ ಉರಿಸಿಟ್ಟ ಹಾಗೆ ಆಯಿತು. ಮಾಮೂಲಿ ಪಿವಿಸಿ ತಡೆಯುವುದು 70 ಡಿಗ್ರಿ. ಶಾಖ ಜಾಸ್ತಿಯಾದಷ್ಟೂ ಲೋಹ ಕಪ್ಪಾಗುತ್ತದೆ, ಕಪ್ಪಾದಷ್ಟೂ ಶಾಖ ಏರುತ್ತದೆ. ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಅಂದರೆ ಎಂಸಿಬಿ, ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಕರೆಂಟು ಹೆಚ್ಚು ಹರಿಯುತ್ತಿಲ್ಲ.

ಹಾಗಾಗಿ ಒಳಗೆ ಏನು ಕಂಡಿತು ಎನ್ನುವುದರ ಮೇಲೆ ತೀರ್ಮಾನ. ಪಿನ್ನು ಸ್ವಲ್ಪ ಮಂಕಾಗಿದೆ, ಮಣ್ಣು ಕೂತಿದೆ, ಇರುವೆ ಸೇರಿದೆ, ಅಷ್ಟೇ ಎಂದಾದರೆ ಒಣ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಲು ಬಿಡಿ. ಪಿನ್ನುಗಳನ್ನು ಮರಳು ಕಾಗದದಿಂದ ಉಜ್ಜಿ ಬಂಗಾರದ ಹಾಗೆ ಮಾಡುವ ಆಸೆ ಬೇಡ. ಹಿತ್ತಾಳೆಯ ಮೇಲೆ ತೆಳು ನಿಕ್ಕಲ್ ಲೇಪ ಇರುತ್ತದೆ, ಅದು ಹೋದರೆ ಮುಂದಿನ ಮಳೆಗೇ ಮತ್ತೆ ಕಿಲುಬು.

ಕಾಚಂಪುಳಿಯ, ಅಂದರೆ ನಮ್ಮ ಅಡಿಗೆಯ ಕಪ್ಪು ಹುಳಿಯ, ವಿಷಯ ಇಲ್ಲೇ ಹೇಳಬೇಕು. ತಾಮ್ರದ ಚೊಂಬಿಗೆ ಎರಡು ಹನಿ ಹಾಕಿ ಉಜ್ಜಿದರೆ ಹೇಗೆ ಬೆಳಗುತ್ತದೆ ಎಂದು ನಮಗೆಲ್ಲ ಗೊತ್ತು. ಹುಣಸೆಹಣ್ಣು, ನಿಂಬೆಯೂ ಹಾಗೇ. ಪ್ಲಗ್ಗಿಗೂ ಹಾಕಿದವರನ್ನು ನೋಡಿದ್ದೇನೆ. ಚೊಂಬನ್ನು ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ, ಪ್ಲಗ್ಗಿನ ಸಂದಿಯನ್ನು ತೊಳೆಯಲು ಆಗುವುದಿಲ್ಲ. ಉಳಿದ ಹುಳಿ ಒಳಗೇ ಕೂತು ಲೋಹವನ್ನು ತಿನ್ನುತ್ತದೆ. ಕಾಫಿ ಪಲ್ಪ್ ಮಾಡಿದ ನೀರೂ ಹುಳಿಯೇ, ಅದಕ್ಕೇ ಪಲ್ಪ್ ಹೌಸಿನ ಪ್ಲಗ್ಗು ಮನೆಯ ಪ್ಲಗ್ಗಿಗಿಂತ ಬೇಗ ಹಾಳಾಗುವುದು.

ಪ್ಲಾಸ್ಟಿಕ್ ಕಂದಾಗಿದೆ, ಕರಗಿ ಸೊಟ್ಟಗಾಗಿದೆ, ಸುಟ್ಟ ವಾಸನೆ ಬರುತ್ತದೆ, ಪಿನ್ನಿನಲ್ಲಿ ಕಿಡಿ ಹಾರಿದ ಗುಳಿ ಇದೆ ಎಂದಾದರೆ ಆ ಪ್ಲಗ್ಗನ್ನು ಸ್ವಚ್ಛ ಮಾಡಿ ಪ್ರಯೋಜನವಿಲ್ಲ. ಬಿಸಿಗೆ ಒಮ್ಮೆ ಸಡಿಲಾದ ಸಾಕೆಟ್ಟಿನ ಸ್ಪ್ರಿಂಗು ಮತ್ತೆ ಬಿಗಿ ಹಿಡಿಯುವುದಿಲ್ಲ. ಬದಲಾಯಿಸಿ. ಅದು ಕೂರುತ್ತಿದ್ದ ಇನ್ನೊಂದು ಕಡೆಯನ್ನೂ ಬದಲಾಯಿಸಿ. ಹೊಸ ಪ್ಲಗ್ಗನ್ನು ಸುಟ್ಟ ಸಾಕೆಟ್ಟಿಗೆ ಹಾಕಿದರೆ ಹೊಸದೂ ಸುಡುತ್ತದೆ. ಒಂದು ಜೊತೆ ಪ್ಲಗ್ಗು-ಸಾಕೆಟ್ಟಿಗೂ 40 ಮೀಟರ್ ಮೂರು ಕೋರಿನ, ಅಂದರೆ ಒಳಗೆ ಮೂರು ತಂತಿ ಇರುವ, ಒಳ್ಳೆ ಕೇಬಲ್ಲಿಗೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ ಇದೆ. ಅದಕ್ಕೇ ‘ತೊಳೆಯುವುದಾ, ಹೊಸದಾ’ ಎಂದು ಕೇಳುವವರಿಗೆ ಹೆಚ್ಚಿನ ಸಲ ಸರಿ ಉತ್ತರ ಮೂರನೆಯದು. ಮೈ ತೊಳೆಯಿರಿ, ತುದಿ ಕತ್ತರಿಸಿ, ಹೊಸ ಪ್ಲಗ್ ಹಾಕಿ.

ಎಷ್ಟು ಕತ್ತರಿಸುವುದು? ತಾಮ್ರ ಹೇಳುತ್ತದೆ. ತುದಿಯಿಂದ ಒಂದು ಗೇಣು ಕತ್ತರಿಸಿ, ಸಿಪ್ಪೆ ಸುಲಿದು ಎಳೆಗಳನ್ನು ನೋಡಿ. ಹೊಸ ಕಾಸಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಕಪ್ಪಾಗಿದ್ದರೆ ಇನ್ನೊಂದು ಗೇಣು. ಸಣ್ಣ ಎಳೆಗಳ ನಡುವಿನ ಸಂದಿ ದೀಪದ ಬತ್ತಿಯ ಹಾಗೆ ಕೆಲಸ ಮಾಡುತ್ತದೆ. ಪ್ಲಗ್ಗಿನಲ್ಲಿ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದೂವರೆ ಮೀಟರ್ ಕತ್ತರಿಸಿದರೂ ಕಪ್ಪು ಹೋಗದಿದ್ದರೆ ನೀರು ಎಲ್ಲಿಯವರೆಗೆ ಹೋಗಿದೆಯೋ ಹೇಳಲಾಗದು. ಆ ಕೇಬಲ್ ಬಿಡಿ.

ನಮ್ಮ ಮನೆಯ ಕೇಬಲ್ಲಿನಲ್ಲಿ ಒಂದು ಕಡೆ ಒಂದು ಗೇಣು, ಇನ್ನೊಂದು ಕಡೆ ಮೂರು ಗೇಣು ಹೋಯಿತು. ಒಳಗೆ ತಾಮ್ರ ಕೆಂಪಗೆ ಬಂದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಹೊಸ ಪ್ಲಗ್ ಹಾಕುವಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ನೋಡಿ. ಅರ್ಥಿಂಗ್ ತಂತಿ, ಅಂದರೆ ಹಸಿರು ಅಥವಾ ಹಸಿರು-ಹಳದಿ, ಉಳಿದ ಎರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟಿರಬೇಕು. ಯಾರಾದರೂ ಎಡವಿ ಕೇಬಲ್ ಕಿತ್ತು ಬಂದರೆ ಅದು ಕೊನೆಗೆ ಕಳಚಬೇಕು. ಒಳಗಿನ ಕ್ಲಾಂಪು ಹೊರಗಿನ ದಪ್ಪ ಸಿಪ್ಪೆಯನ್ನೇ ಕಚ್ಚಿ ಹಿಡಿದಿರಬೇಕು, ಒಳಗಿನ ಬಣ್ಣದ ತಂತಿಗಳನ್ನಲ್ಲ. ಎಳೆಗಳ ತುದಿಗೆ ಸೀಸ ಬೆಸೆದು ಸ್ಕ್ರೂ ಕೆಳಗೆ ಇಡುವುದು ಕೆಲವರ ಅಭ್ಯಾಸ. ಬೇಡವೆನ್ನಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಜರುಗಿ ಸ್ಕ್ರೂ ಸಡಿಲವಾಗುತ್ತದೆ. ಎಳೆಗಳ ತುದಿಗೆ ಪಿನ್ ಲಗ್ ಎಂಬ ಲೋಹದ ತೊಡಿಗೆ ಒತ್ತಿ ಹಾಕಿಸಿ.

ಪಲ್ಪರ್ ಕೇಬಲ್ ಯಾಕೆ ಹೋಯಿತು

ನೋಡಲು ಅದೇ ಚೆನ್ನಾಗಿತ್ತು. ಪಲ್ಪ್ ಹೌಸಿನ ಒಳಗೇ ಇರುತ್ತಿದ್ದುದರಿಂದ ಪಾಚಿ ಇರಲಿಲ್ಲ, ಲೋಳೆ ಮಾತ್ರ. ಕಳೆದ ಕೊಯ್ಲಿನಲ್ಲಿ ಪಲ್ಪರ್ ಮೋಟಾರು ಸ್ಟಾರ್ಟ್ ಆಗದೆ ಗುಂಯ್ ಎನ್ನುತ್ತಿತ್ತು. ಮೋಟಾರನ್ನೇ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕಳಿಸಿದೆ. ‘ಮೋಟಾರ್ ಸರಿ ಇದೆ’ ಎಂದು ವಾಪಸ್ ಬಂತು. ಆಗಲೂ ನಾನು ಕೇಬಲ್ ನೋಡಲಿಲ್ಲ. ಅದೇ ವಾರ ಕೆಲಸದ ಹೆಂಗಸೊಬ್ಬಳು ‘ಅಮ್ಮಾ, ಈ ವಯರ್ ತುಳಿದರೆ ಕಾಲು ಜುಂ ಅನ್ನುತ್ತದೆ’ ಎಂದಳು. ಒದ್ದೆ ಇದೆ, ಚಪ್ಪಲಿ ಹಾಕಿಕೋ ಎಂದು ಹೇಳಿ ಕೆಲಸ ಮುಂದುವರಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅವತ್ತೇ ಕೇಬಲ್ ಬಿಚ್ಚಬೇಕಿತ್ತು. ಜುಂ ಎಂದರೆ ಕರೆಂಟ್ ಹೊರಗೆ ಬರುತ್ತಿದೆ ಎಂದೇ ಅರ್ಥ, ಬೇರೆ ಅರ್ಥವಿಲ್ಲ.

ತೊಳೆದು ಕೈಯಲ್ಲಿ ಎಳೆದಾಗ ಎಲ್ಲ ಸಿಕ್ಕಿತು. ಬಾಗಿಲ ಸಂದಿಯಲ್ಲಿ ದಿನಾ ನಲುಗಿದ ಕಡೆ ಸಿಪ್ಪೆ ಸೀಳಿತ್ತು. 12 ಮೀಟರ್ ಹತ್ತಿರ ಇಲಿ ಕಡಿದ ಜಾಗಕ್ಕೆ ಯಾರೋ ಟೇಪು ಸುತ್ತಿದ್ದರು, ಟೇಪಿನೊಳಗೆ ಕಿಲುಬು. ಅಲ್ಲಿ ಅರ್ಥಿಂಗ್ ತಂತಿ ತುಂಡಾಗಿತ್ತು. ಬಗ್ಗಿಸಿದ ಕಡೆಯೆಲ್ಲ ಸಿಪ್ಪೆಯ ಮೇಲೆ ಬಿಳಿ ಗೆರೆ. ಎಲೆಕ್ಟ್ರಿಷಿಯನ್ ಮೆಗ್ಗರ್ ತಂದು ಎರಡೂ ಕೇಬಲ್ ನೋಡಿದರು. ಎರಡೂ ತುದಿ ಬಿಡಿಯಾಗಿಟ್ಟು 500 ವೋಲ್ಟಿನಲ್ಲಿ ಒಂದು ತಂತಿಯಿಂದ ಇನ್ನೊಂದಕ್ಕೆ ಎಷ್ಟು ಸೋರುತ್ತದೆ ಎಂದು ಅಳೆಯುವ ಪೆಟ್ಟಿಗೆ ಅದು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಳಸುವ ಹಾಗಿಲ್ಲ, ಒಳ್ಳೆ ಕೇಬಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಮನೆಯ ಕೇಬಲ್ ಆರಾಮಾಗಿ ಪಾಸಾಯಿತು. ಪಲ್ಪರಿನದು ಎರಡು ದಿನ ಒಣಗಿಸಿ ನೋಡಿದರೂ ಆಗಲಿಲ್ಲ.

ಇಂಥ ಕಡೆ ನಾನು ಯಾವ ಚೌಕಾಸಿಯನ್ನೂ ಒಪ್ಪುವುದಿಲ್ಲ. ಒಳಗಿನ ಬಣ್ಣದ ತಂತಿ ಒಂದು ಕಡೆ ಹೊರಗೆ ಕಂಡರೂ, ಸಿಪ್ಪೆ ಬಿರುಸಾಗಿ ಬಿರುಕು ಬಿಟ್ಟಿದ್ದರೂ, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟಿದರೂ, ಎರಡೇ ತಂತಿಯದಾಗಿ ಅರ್ಥಿಂಗೇ ಇರದಿದ್ದರೂ, ಮಳೆಯಲ್ಲಿ ಬಳಸುವ ಕೇಬಲ್ಲಿನ ನಡುವೆ ಟೇಪಿನ ಗಂಟು ಇದ್ದರೂ ಅದು ಹೋಗಬೇಕು. ಗಾಯ ಒಂದೇ ಕಡೆ ಇದ್ದು ಉಳಿದದ್ದು ಗಟ್ಟಿ ಇದ್ದರೆ ಅಲ್ಲಿ ಕತ್ತರಿಸಿ ಎರಡು ಚಿಕ್ಕ ಕೇಬಲ್ ಮಾಡಿಕೊಳ್ಳಬಹುದು. ಮತ್ತೆ ಗಂಟು ಹಾಕಬೇಡಿ.

ಮೆಗ್ಗರ್ ಇಲ್ಲದವರು ಏನು ಮಾಡಬೇಕು? ಎರಡು ಸುಲಭ ಪರೀಕ್ಷೆ ಇವೆ. ಮಾಮೂಲಿ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ಆಫ್ ಮಾಡಿ, ಪ್ಲಗ್ ತೆಗೆದು, ಕೂಡಲೇ ಮುಟ್ಟಿ ನೋಡಿ. ಕೇಬಲ್ಲಿಗಿಂತ ಪ್ಲಗ್ಗು ಬಿಸಿ ಇದ್ದರೆ ಆ ತುದಿ ಕೆಟ್ಟಿದೆ. ಎರಡನೆಯದಕ್ಕೆ ಎಲೆಕ್ಟ್ರಿಷಿಯನ್ ಬೇಕು. ಮೋಟಾರು ಓಡುತ್ತಿರುವಾಗ ಜನರೇಟರ್ ಕಡೆ ಎಷ್ಟು ವೋಲ್ಟು, ಮೋಟಾರಿನ ಕಡೆ ಎಷ್ಟು ಎಂದು ಅಳೆದು ಕಳೆಯಬೇಕು. 40 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು ಆರೂವರೆ ವೋಲ್ಟ್ ಕಡಿಮೆಯಾಗುವುದು ಸಹಜ. 15, 20 ವೋಲ್ಟ್ ಕಡಿಮೆ ತೋರಿಸಿದರೆ ಎಲ್ಲೋ ಒಂದು ಸೇರುವೆ ಕರೆಂಟನ್ನು ತಿನ್ನುತ್ತಿದೆ. ನಮ್ಮ ಮೋಟಾರು ಗುಂಯ್ ಎನ್ನುತ್ತಿದ್ದುದು ಇದಕ್ಕೇ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆಗ ಈ ನಷ್ಟವೂ ಅಷ್ಟೇ ಪಟ್ಟು ಏರುತ್ತದೆ, ಮೋಟಾರಿಗೆ ಎದ್ದು ತಿರುಗುವ ಶಕ್ತಿ ಸಿಗುವುದಿಲ್ಲ.

ಎರಡೂ ಕಡೆ ಪಿನ್ನು ಇರುವ ಕೇಬಲ್

ಹೋಲಿಕೆಗೇ ಬರದ ಒಂದು ಕೇಬಲ್ ಇದೆ, ಆದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಇರುವುದರಿಂದ ಹೇಳಲೇಬೇಕು. ಎರಡೂ ತುದಿಗೆ ಪಿನ್ನಿನ ಪ್ಲಗ್ಗು. ಒಂದನ್ನು ಜನರೇಟರಿಗೆ, ಇನ್ನೊಂದನ್ನು ಮನೆಯ ಯಾವುದೋ ಸಾಕೆಟ್ಟಿಗೆ ಸಿಕ್ಕಿಸಿದರೆ ಇಡೀ ಮನೆಗೆ ಲೈಟು ಬರುತ್ತದೆ. ಒಂದು ಪ್ಲಗ್ಗು ಕಳಚಿದರೆ ಬರಿಗೈಗೆ ಸಿಗುವ ಪಿನ್ನಿನಲ್ಲಿ 230 ವೋಲ್ಟ್. ಅದಕ್ಕಿಂತ ದೊಡ್ಡ ಭಯ ಬೇರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ನಮ್ಮ ಜನರೇಟರಿನ ಕರೆಂಟು ಹಿಂದಕ್ಕೆ ಲೈನಿಗೆ ಹೋಗುತ್ತದೆ. ದಾರಿಯಲ್ಲಿರುವ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅಲ್ಲಿ ಆ ಹೊತ್ತಿಗೆ ಮಳೆಯಲ್ಲಿ ನೆನೆದುಕೊಂಡು, ಜಿಗಣೆ ಕಚ್ಚಿಸಿಕೊಂಡು, ನಮಗೇ ಕರೆಂಟ್ ಕೊಡಲು ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ.

ಅಂಥ ಕೇಬಲ್ ಎಷ್ಟೇ ಹೊಸದಿರಲಿ, ಇವತ್ತೇ ಒಂದು ತುದಿ ಕತ್ತರಿಸಿ. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದರ ಹಿಡಿ ಒಂದೋ ಲೈನ್ ಕಡೆ ಇರುತ್ತದೆ, ಇಲ್ಲವೇ ಜನರೇಟರ್ ಕಡೆ, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಅಲ್ಲಿಂದ ಕೇಬಲ್ಲಿಗೆ ಜನರೇಟರ್ ಕಡೆ ಪಿನ್ನು, ಮನೆಯ ಕಡೆ ತೂತಿನ ಸಾಕೆಟ್ಟು, ಗೋಡೆಯಲ್ಲಿ ಮುಚ್ಚಳ ಇರುವ ಪಿನ್ನಿನ ಪೆಟ್ಟಿಗೆ.

ಹೊಸದು ತರುವುದಾದರೆ

ಅಂಗಡಿಯಲ್ಲಿ ಮೊದಲು ಹೇಳಬೇಕಾದ್ದು ಮೂರು: ಎಷ್ಟು ಉದ್ದ, ಎಷ್ಟು ಲೋಡ್, ಮಳೆಯಲ್ಲಿ ಎಳೆದಾಡುತ್ತೇವೆ ಎಂಬುದು. ಸುಮ್ನೆ ‘40 ಮೀಟರ್ ವಯರ್ ಕೊಡಿ’ ಎಂದರೆ ಕಡಿಮೆ ಬೆಲೆಯ 1.5 ಚದರ ಮಿಲಿಮೀಟರಿನದು ಕೈಗೆ ಬರುತ್ತದೆ. ಅಷ್ಟೇ ಉದ್ದಕ್ಕೆ, 10 ಆಂಪಿಯರ್ ಹರಿದಾಗ, ಅದರಲ್ಲಿ ಹತ್ತೂವರೆ ವೋಲ್ಟ್ ಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ನಾಲ್ಕು ವೋಲ್ಟ್ ಅಷ್ಟೇ. ಬರೀ ಲೈಟು, ಫ್ರಿಜ್ಜು, ಟಿವಿಗೆ 2.5 ಸಾಕು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿಗೆ ಇಷ್ಟು ಉದ್ದ ಇದ್ದರೆ ನಾನು 4 ತರುತ್ತೇನೆ, ಈ ಸಲ ತಂದದ್ದೂ ಅದನ್ನೇ. ಒಂದು ಸಲದ ಖರ್ಚು, ಮೋಟಾರು ಉಳಿಯುತ್ತದೆ.

ತಾಮ್ರವೇ ಹೌದಾ ಎಂದು ನೋಡಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಪದರ ಹಚ್ಚಿದ ಕೇಬಲ್ ಮಾರುಕಟ್ಟೆಯಲ್ಲಿ ಇದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಗೊತ್ತಾಗುತ್ತದೆ. ಒಳಗೆ ಬೆಳ್ಳಗೆ ಕಂಡರೆ ಹಿಂದಕ್ಕೆ ಕೊಡಿ. ಅದು ಕರೆಂಟನ್ನು ಕಡಿಮೆ ಒಯ್ಯುತ್ತದೆ, ಸ್ಕ್ರೂ ಕೆಳಗೆ ಬೇಗ ಸಡಿಲಾಗುತ್ತದೆ, ನಮ್ಮ ತೇವಕ್ಕೆ ಬೇಗ ಪುಡಿಯಾಗುತ್ತದೆ. ಪಿವಿಸಿ ಕೇಬಲ್ಲಿನ ಮೇಲೆ ಐಎಸ್ 694 ಎಂಬ ಗುರುತು ಅಚ್ಚಾಗಿರಬೇಕು. ಕೈಗೆಟುಕಿದರೆ ರಬ್ಬರ್ ಸಿಪ್ಪೆಯದು ತನ್ನಿ. ಬೆಲೆ ಜಾಸ್ತಿ, ಆದರೆ ಕಲ್ಲಿನ ಮೇಲೆ ಎಳೆದರೂ ಬಾಗಿಸಿದರೂ ಪಿವಿಸಿಗಿಂತ ತಡೆಯುತ್ತದೆ. ಎಲ್ಲೂ ಎಳೆಯದೆ ಶೆಡ್ಡಿನ ಗೋಡೆಗೆ ಕ್ಲಿಪ್ ಹೊಡೆದು ಬಿಡುವುದಾದರೆ ಅಷ್ಟು ಖರ್ಚು ಬೇಡ.

ಪ್ಲಗ್ಗಿನಲ್ಲಿ ಐಪಿ 44 ಎಂದಿದ್ದರೆ ಎರಚಲಿಗೆ ತಡೆಯುತ್ತದೆ. ಐಪಿ 67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗದು, ಉಂಗುರ ಪೂರ್ತಿ ತಿರುಗಿಸಿ ಬಿಗಿ ಮಾಡಿದ್ದರೆ ಮಾತ್ರ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ನಾನು 67 ಎನ್ನುತ್ತೇನೆ. ಕುಶಾಲನಗರದ ಕಡೆ ಮಳೆ ಅಷ್ಟಿಲ್ಲ, ಸೂರಿನ ಕೆಳಗೆ ಇರುವುದಾದರೆ 44 ನಡೆಯುತ್ತದೆ.

ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು, ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಇಲ್ಲೊಂದು ಸೂಕ್ಷ್ಮ ಇದೆ. ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಸೇರಿಸಿರದಿದ್ದರೆ ಕರೆಂಟ್ ನೆಲಕ್ಕೆ ಸೋರಿದರೂ ಆರ್‌ಸಿಸಿಬಿ ಬೀಳದೇ ಇರಬಹುದು. ಟೆಸ್ಟ್ ಗುಂಡಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿರುತ್ತದೆ, ಅದನ್ನು ನೋಡಿ ನಾವು ಧೈರ್ಯವಾಗಿರುತ್ತೇವೆ. ಈ ಮಾತನ್ನು ಎಲೆಕ್ಟ್ರಿಷಿಯನ್‌ಗೆ ಕೇಳಿಯೇ ಕೇಳಿ.

ಹಳೆಯದನ್ನು ಹಿತ್ತಲಲ್ಲಿ ಸುಟ್ಟು ತಾಮ್ರ ತೆಗೆಯಬೇಡಿ. ಪಿವಿಸಿ ಹೊಗೆಯಲ್ಲಿ ಆಮ್ಲ ಇರುತ್ತದೆ, ಮಕ್ಕಳ ಎದೆಗೆ ಹೋಗುತ್ತದೆ. ಹಾಗೇ ತೂಕಕ್ಕೆ ಹಾಕಿ. 2.5 ಚದರ ಮಿಲಿಮೀಟರಿನ ಮೂರು ಕೋರಿನ 30 ಮೀಟರ್ ಎಂದರೆ ಒಳಗೆ ಸುಮಾರು 2 ಕಿಲೋ ತಾಮ್ರ ಇರುತ್ತದೆ. ಗುಜರಿಯವರ ಹತ್ತಿರ ಆ ಲೆಕ್ಕ ಹಿಡಿದು ಮಾತಾಡಿ. ಪ್ಲಗ್ಗು ಕತ್ತರಿಸಿ ಕೊಡಿ, ಇನ್ಯಾರೋ ಅದನ್ನು ಮತ್ತೆ ಬಳಸಬಾರದು.

ಓಡಿಸುವಾಗ ಹೊಸದಿರಲಿ, ತೊಳೆದದ್ದಿರಲಿ, ಸುರುಳಿ ಪೂರ್ತಿ ಬಿಚ್ಚಿರಿ. ಸುತ್ತಿದ ಹಾಗೇ ಬಿಟ್ಟರೆ ನಡುವಿನ ಸುತ್ತುಗಳ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ. ಪ್ಲಗ್ಗು ಸೇರುವ ಜಾಗವನ್ನು ನೆಲದಲ್ಲಿ ಬಿಡದೆ ಗೂಟಕ್ಕೆ ಎತ್ತಿ ಕಟ್ಟಿ. ಅದರ ಎರಡೂ ಕಡೆ ಕೇಬಲ್ ಸ್ವಲ್ಪ ಕೆಳಗೆ ಜೋತಿರಲಿ, ಆಗ ಹರಿದು ಬಂದ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಮನೆಯ ಕೇಬಲ್ ಈಗ 39 ಮೀಟರ್ ಇದೆ. ತುದಿಯ ಪ್ಲಗ್ಗಿನ ಮೇಲೆ ಬಿಚ್ಚಿ ನೋಡಿದ ತಿಂಗಳು, ವರ್ಷ ಬರೆದಿದ್ದೇನೆ. ಅಟ್ಟದ ಕೆಳಗೆ ಎರಡು ಮರದ ಗೂಟಕ್ಕೆ ದೊಡ್ಡ ಸುರುಳಿಯಾಗಿ ತೂಗುಹಾಕಿದ್ದೇನೆ, ಇಲಿಗೆ ಎಟುಕದ ಹಾಗೆ. ಮುಂದಿನ ಸಲ ಬಿಚ್ಚುವುದು ಮೇ ಕೊನೆಗೆ, ಮಳೆ ಹಿಡಿಯುವ ಮೊದಲು. ಪಲ್ಪರಿನದನ್ನು ನವೆಂಬರಿನಲ್ಲಿ, ಅರೇಬಿಕಾ ಕೊಯ್ಲಿಗೆ ಮೊದಲು. ಹೊಸ ಕೇಬಲ್ ಹಾಕಿದ ದಿನ ಆ ಹೆಂಗಸನ್ನೇ ಕರೆದು ತೋರಿಸಿದೆ. ಇನ್ನು ಎಲ್ಲಾದರೂ ಜುಂ ಎಂದರೆ ನನ್ನನ್ನು ಕೇಳುವುದೂ ಬೇಡ, ಮೊದಲು ಮೇನ್ ಆಫ್ ಮಾಡು ಎಂದು ಹೇಳಿ ಸ್ವಿಚ್ ಎಲ್ಲಿದೆ ಎಂದು ಅವಳ ಕೈಯಲ್ಲೇ ಒಮ್ಮೆ ಕೆಳಗೆ ಎಳೆಸಿದೆ.